ವಾಸವಾಗಿರುವವರೆಲ್ಲ

ಶಿಷ್ಯ ಕೇಳಿದ: "ಅವ್ವಾ, ಯುದ್ಧ ನಡೆಯುತ್ತಿರುವಾಗಲೇ ಶಾಸನಸಭೆಗೆ ಚುನಾವಣೆ ನಡೆಸಿದ ನಾಡೊಂದಿತ್ತು ಎಂದಿರಿ. ಮನೆಗೆ ಬೆಂಕಿ ಬಿದ್ದಾಗ ಯಜಮಾನ ಯಾರಾಗಬೇಕು ಎಂದು ಕೂತು ಆರಿಸುವವರುಂಟೇ? ಶಾಂತಿ ಬರುವ ತನಕ ಕಾಯಬಾರದಿತ್ತೇ?"

ಗುರುತಾಯಿ ಹಲವು ಸಮುದ್ರ ದಾಟಿ ಬಂದವಳು. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಅಭ್ಯಾಸ ಮಾತ್ರ ಅವಳಿಗೆ ಯಾವ ಬಂದರಿನಲ್ಲೂ ಅಂಟಿರಲಿಲ್ಲ. ಅವಳು ಈ ಕತೆ ಹೇಳಿದಳು.

ಕವಲುದಾರಿಯಲ್ಲಿ ಒಬ್ಬ ವಿಧವೆ ನಿಂತಿದ್ದಳು. ಬೆಳಗಿನಿಂದ ನಡೆದು ಎರಡು ಸಲ ದಾರಿ ತಪ್ಪಿದ್ದಳು. ಅದು ಅಮೆರಿಕದ ಒಂದು ಪ್ರಾಂತ. ಅಲ್ಲಿನ ಜನ ಸಮುದ್ರದಾಚೆಯ ತಮ್ಮ ದೊರೆಯ ವಿರುದ್ಧವೇ ತಿರುಗಿಬಿದ್ದಿದ್ದರು. ದೊರೆಯ ದಂಡಿಗೆ ದಾರಿ ಸಿಗದಿರಲಿ ಎಂದು ಊರವರು ದಾರಿ ತೋರುವ ಹಲಗೆಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದ್ದರು. ದಂಡು ಹೇಗೋ ದಾರಿ ಕಂಡುಕೊಂಡಿತು. ತಪ್ಪಿದ್ದು ಊರವರಿಗೇ.

ಕವಲಿನ ಪಕ್ಕದ ಸೇತುವೆಯನ್ನು ಊರವರ ಕಡೆಯ ಒಬ್ಬ ಸಿಪಾಯಿ ಕಾಯುತ್ತಿದ್ದ. ಅವನ ಕಾಲಿಗೆ ಬೂಟು ಇರಲಿಲ್ಲ. ಗೋಣಿತಾಟು ಸುತ್ತಿಕೊಂಡಿದ್ದ.

"ತಮ್ಮಾ, ಚುನಾವಣೆಯ ಕಚೇರಿಗೆ ಯಾವ ಕಡೆ ಹೋಗಬೇಕು?"

"ಗಂಡನಿಗೆ ಬುತ್ತಿ ಒಯ್ಯುತ್ತಿದ್ದೀಯಾ, ತಾಯೀ?"

"ಗಂಡ ಮಣ್ಣಿಗೆ ಹೋಗಿ ಎರಡು ವರ್ಷವಾಯಿತು. ಅವನ ಬೂಟು ಮಾತ್ರ ಇನ್ನೂ ನಡೆಯುತ್ತಿದೆ." ಅವಳು ಗಂಡನ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡಿದ್ದಳು. "ನನ್ನ ಮತ ಹೇಳಿ ಬರುತ್ತೇನೆ."

ಸಿಪಾಯಿ ನಕ್ಕ. ನಗುವುದೇನೂ ಇರಲಿಲ್ಲ. ಆ ಪ್ರಾಂತಕ್ಕೆ ಕಾನೂನು ಬರೆದವರು ಬಹಳ ಅವಸರದಲ್ಲಿದ್ದರು. ದೊರೆಯ ಹಡಗುಗಳು ಹತ್ತಿರ ಬಂದಿದ್ದವು. ಇಷ್ಟು ಆಸ್ತಿ ಇದ್ದು 'ಈ ನಾಡಿನಲ್ಲಿ ವಾಸವಾಗಿರುವವರೆಲ್ಲ' ಮತ ಹೇಳಬಹುದು ಎಂದು ಬರೆದು ಎದ್ದರು. 'ಗಂಡಸರು' ಎಂದು ಬರೆಯಲು ಮರೆತರೋ, ಬೇಕೆಂದೇ ಬಿಟ್ಟರೋ, ಹೇಳುವವರಿಲ್ಲ. ವಿಧವೆಯ ಹೆಸರಿಗೆ ಹೊಲವಿತ್ತು. ಸಿಪಾಯಿಯ ಹತ್ತಿರ ಒಂದು ಕೋವಿ ಇತ್ತು, ಅದೂ ಸೈನ್ಯದ್ದು. ಹೀಗಾಗಿ ಮತ ಇದ್ದದ್ದು ಅವಳಿಗೆ. ಅದನ್ನು ಕಾಯುವ ಕೆಲಸ ಅವನಿಗೆ.

ಚುನಾವಣೆಗೆ ಇಬ್ಬರು ನಿಂತಿದ್ದರು. ಒಬ್ಬ ಹಿಟ್ಟಿನ ಗಿರಣಿಯವನು. ಗೆದ್ದರೆ ಹೊಲಕ್ಕೊಂದರಂತೆ ಕುದುರೆ ವಸೂಲು ಮಾಡಿ, ಮಾರಿ, ಸಿಪಾಯಿಗಳಿಗೆ ಬೂಟು ಕೊಡಿಸುತ್ತೇನೆ ಎಂದಿದ್ದ. ಇನ್ನೊಬ್ಬ ವಕೀಲ. ಯಾರ ಕುದುರೆಯನ್ನೂ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ ಎಂದಿದ್ದ. ವಿಧವೆಗೆ ಇದ್ದದ್ದು ಒಂದೇ ಕುದುರೆ. ನೇಗಿಲು ಎಳೆಯುತ್ತಿದ್ದದ್ದೂ ಅದೇ. ಅದು ಹೋದರೆ ಬಿತ್ತನೆ ಇಲ್ಲ.

ಸಿಪಾಯಿ ಹೇಳಿದ: "ದಾರಿ ತೋರಿಸುತ್ತೇನೆ. ಆ ಋಣಕ್ಕೆ ನೀನು ಗಿರಣಿಯವನ ಹೆಸರು ಹೇಳಬೇಕು. ನನ್ನ ಕಾಲು ನೋಡಿಯಾದರೂ ಹೇಳು."

ವಿಧವೆ ಅವನ ಕಾಲು ನೋಡಿದಳು. "ಋಣ ಒಪ್ಪಿಕೊಂಡೆ. ಹೆಸರು ಒಪ್ಪಿಕೊಂಡಿಲ್ಲ."

"ಗಟ್ಟಿ ಹೆಂಗಸು," ಎಂದು ಸಿಪಾಯಿ ಎಡಗಡೆಯ ದಾರಿಗೆ ಕೈ ತೋರಿಸಿದ.

ಕಚೇರಿಯಲ್ಲಿ ಗುಮಾಸ್ತ ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ಅವನ ಎರಡೂ ಪಕ್ಕ ಗಿರಣಿಯವನು, ವಕೀಲ. ಮತವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಅದು ಅಲ್ಲಿನ ಪದ್ಧತಿ.

"ಇಲ್ಲಿ ಹೆಂಗಸರಿಗೆ ಏನು ಕೆಲಸ?" ಎಂದ ಗುಮಾಸ್ತ.

"ಮೂವತ್ತು ವರ್ಷದಿಂದ ಈ ಊರಿನಲ್ಲಿ ವಾಸವಾಗಿದ್ದೇನೆ. ಇಲ್ಲ ಎನ್ನುವುದಾದರೆ ಹಾಗೆಂದು ಬರೆದುಕೊಡಿ. ನಾಳೆ ಕಂದಾಯದವರು ಬಂದಾಗ ಆ ಚೀಟಿ ತೋರಿಸುತ್ತೇನೆ."

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ಕಾನೂನನ್ನು ಮೇಲಿನಿಂದ ಕೆಳಗೆ ಓದಿದ. ಕೆಳಗಿನಿಂದ ಮೇಲಕ್ಕೂ ಓದಿದ. ಬೇಕಾದ ಪದ ಸಿಗಲಿಲ್ಲ. ಲೇಖನಿಯನ್ನು ಮಸಿಗೆ ಅದ್ದಿ, "ಯಾರಿಗೆ?" ಎಂದ.

ಅವಳು ತನ್ನ ಬೂಟಿನ ಕಡೆ ನೋಡಿದಳು. ಕಿಟಕಿಯ ಆಚೆ ಹೊಲಗಳ ಕಡೆಯೂ ನೋಡಿದಳು. "ವಕೀಲರಿಗೆ," ಎಂದಳು. ವಕೀಲ ಎದ್ದು ತಲೆಬಾಗಿ ವಂದಿಸಿದ. ಅವಳು ಅದಕ್ಕಾಗಿ ನಿಲ್ಲಲಿಲ್ಲ.

ಅವಳು ಹಿಂದಿರುಗುವಾಗ ಸಿಪಾಯಿ ಸೇತುವೆಯ ಮೇಲೆಯೇ ಇದ್ದ.

"ಯಾರ ಹೆಸರು ಹೇಳಿದೆ, ತಾಯೀ?"

"ವಕೀಲನದು."

"ಹಾಗಾದರೆ ನಿನ್ನ ಕುದುರೆ ಬದುಕಿತು," ಎಂದ ಸಿಪಾಯಿ. ಗೋಣಿತಾಟನ್ನು ಇನ್ನೊಂದು ಸುತ್ತು ಬಿಗಿದುಕೊಂಡ.

ವಿಧವೆ ಸೇತುವೆಯ ಕಲ್ಲಿನ ಮೇಲೆ ಕೂತಳು. ಬೂಟು ಎರಡನ್ನೂ ಕಳಚಿದಳು. ಒಳಗೆ ತುರುಕಿದ್ದ ಬಟ್ಟೆ ತೆಗೆದು, ಬೂಟುಗಳನ್ನು ಅವನ ಮುಂದೆ ಇಟ್ಟಳು.

"ದಾರಿಯ ಋಣ ತೀರಿತು, ತಮ್ಮಾ. ಮತ ಅದಕ್ಕೆ ಕೊಡುವಂಥದ್ದಲ್ಲ."

ನೆಲ ಆಗಲೇ ಮಂಜಿನಿಂದ ಕೊರೆಯುತ್ತಿತ್ತು. ಅವಳು ಬರಿಗಾಲಲ್ಲಿ ಮನೆಗೆ ನಡೆದಳು. ಈ ಸಲ ದಾರಿ ತಪ್ಪಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಪ್ರಶ್ನೆ ಇದ್ದಲ್ಲೇ ಇತ್ತು.

"ಅವಳೇನೋ ದೊಡ್ಡವಳು, ಅವ್ವಾ. ಆದರೆ ಶಾಂತಿಯ ಕಾಲವಾಗಿದ್ದರೆ ದಾರಿ ತೋರುವ ಹಲಗೆ ಇರುತ್ತಿತ್ತು, ಸಿಪಾಯಿ ಅವನ ಮನೆಯಲ್ಲಿರುತ್ತಿದ್ದ, ಅವಳ ಕಾಲೂ ಕೊರೆಯುತ್ತಿರಲಿಲ್ಲ. ಆರಾಮಾಗಿ ಹೋಗಿ ಮತ ಹೇಳಿ ಬರುತ್ತಿದ್ದಳು. ಶಾಂತಿಗೆ ಕಾಯಬಹುದಿತ್ತಲ್ಲ?"

ಗುರುತಾಯಿ ಹೇಳಿದಳು: "ಶಾಂತಿ ಬಂತಪ್ಪಾ, ಬಿಡುವೂ ಬಂತು; ಬಿಡುವಾಗಿ ಕೂತು 'ವಾಸವಾಗಿರುವವರೆಲ್ಲ' ಎಂಬ ಪದವನ್ನು ಹೊಡೆದುಹಾಕಿ 'ಗಂಡಸರು' ಎಂದು ಬರೆದರು."