ಮೊದಲೇ ಹಾಕಿದ ಗುರುತು

"ಹೆಂಗಿದ್ರೂ ಕೊಟ್ಟ ಕೊಡ್ತೀನಲ್ರೀ ಮೇಡಂ. ಎರಡು ನಿಮಿಷ ಮೊದಲ ಟಿಕ್ ಹಾಕಿದ್ರ ಯಾರಿಗೇನು ಲುಕ್ಸಾನು?"

ಹೀಗೆ ಕೇಳಿದವಳು ನರ್ಸಿಂಗ್ ಎರಡನೇ ವರ್ಷದ ದಾಕ್ಷಾಯಿಣಿ. ಕಂಪ್ಯೂಟರಿನಲ್ಲಿ ರೋಗಿಯ ದಾಖಲೆ ಬರೆಯುವ ಪಾಠ ನಡೆದಿತ್ತು. ಔಷಧಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅವಳು 'ಕೊಡಲಾಗಿದೆ' ಎಂದು ಗುರುತು ಹಾಕಿದ್ದಳು. ಪಾಠ ಕಲಿಸುವ ವಿಮಲಾಬಾಯಿ ಮೇಡಂ ಅವಳ ಅಭ್ಯಾಸದ ಹಾಳೆಗೆ ಸಹಿ ಹಾಕದೆ ಹಿಂದಿರುಗಿಸಿದ್ದರು. ಸಹಿ ಇಲ್ಲದೆ ನಾಳೆ ವಾರ್ಡಿಗೆ ಹೋಗುವಂತಿಲ್ಲ. ಎಲ್ಲರಿಗಿಂತ ಮೊದಲು ಮುಗಿಸಿದ ತನಗೇ ಹೀಗಾಯಿತಲ್ಲ ಎಂದು ದಾಕ್ಷಾಯಿಣಿಗೆ ಸಿಟ್ಟು ಬಂದಿತ್ತು.

ಮೇಡಂ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಇದ್ದಳು. ಕೆಲಸದಲ್ಲಿ ಬಲು ಚುರುಕು. ಆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಔಷಧಿಯ ಹೊತ್ತು ಮೀರಿದರೆ ರೋಗಿಯ ಹೆಸರು ಕೆಂಪಾಗುತ್ತಿತ್ತು. ಯಾರ ಪಾಳಿಯಲ್ಲಿ ಎಷ್ಟು ಕೆಂಪು ಎಂದು ಪ್ರತಿ ಸೋಮವಾರ ಎಲ್ಲರೆದುರು ಓದುತ್ತಿದ್ದರು. ಈ ನರ್ಸಿನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅವಳ ಗುಟ್ಟು ಇಷ್ಟೇ: ಮೊದಲು ಗುರುತು, ಆಮೇಲೆ ಗುಳಿಗೆ. ವರ್ಷವಿಡೀ ಹಾಗೇ ನಡೆದಿತ್ತು. ಒಬ್ಬರಿಗೂ ಒಂದು ಗುಳಿಗೆಯೂ ತಪ್ಪಿರಲಿಲ್ಲವಾದ್ದರಿಂದ ಅವಳಿಗೆ ಅದು ಜಾಣತನವೆಂದೇ ಅನ್ನಿಸಿತ್ತು.

ಒಂದು ಮಧ್ಯಾಹ್ನ ಅಜ್ಜಿಯೊಬ್ಬಳ ಫಿಟ್ಸ್ ಗುಳಿಗೆಗೆ ಗುರುತು ಹಾಕಿ, ಗುಳಿಗೆ ತೆಗೆದುಕೊಂಡು ಹೊರಟಳು. ಅಷ್ಟರಲ್ಲಿ ಬಾಣಂತಿಯೊಬ್ಬಳಿಗೆ ರಕ್ತಸ್ರಾವವೆಂದು ಕರೆ ಬಂತು. ಗುಳಿಗೆಯನ್ನು ಜೇಬಿಗೆ ಹಾಕಿಕೊಂಡು ಓಡಿದಳು. ಬಾಣಂತಿ ಉಳಿದಳು. ನರ್ಸ್ ಪಾಳಿ ಮುಗಿಸಿ, ದಣಿದು ಮನೆಗೆ ಹೋದಳು.

ಅಜ್ಜಿ ಮುಂದಿನ ಪಾಳಿಯ ನರ್ಸನ್ನು ಕರೆದಳು.

"ಯವ್ವಾ, ನನ್ನ ಗುಳಿಗಿ ಕೊಟ್ಟಿಲ್ಲ ನೋಡು."

ಆ ನರ್ಸ್ ಪರದೆ ನೋಡಿದಳು. "ಕೊಟ್ಟಾರ ಅಜ್ಜಿ, ಇಲ್ಲಿ ಬರದೈತಿ. ನಿಮಗ ಮರ್ತಿರಬೇಕು."

ಮೂರು ಗಂಟೆಗೆ ಅಜ್ಜಿ ಮತ್ತೆ ಹೇಳಿದಳು. ನಾಲ್ಕಕ್ಕೆ ಡಾಕ್ಟರಿಗೇ ಹೇಳಿದಳು. ಅವರೂ ಪರದೆ ನೋಡಿದರು, ವಯಸ್ಸಾಯಿತಲ್ಲ ಎಂದು ನಕ್ಕು ಮುಂದಿನ ಮಂಚಕ್ಕೆ ಹೋದರು. ಓದು ಬಾರದ ಅಜ್ಜಿ, ತನಗೇ ಅರಳುಮರಳಾಗಿರಬೇಕು ಎಂದುಕೊಂಡು ಸುಮ್ಮನಾದಳು.

ಐದರ ಹೊತ್ತಿಗೆ ಫಿಟ್ಸ್ ಬಂತು. ತುರ್ತಿನ ಚುಚ್ಚುಮದ್ದು ಕೊಟ್ಟರೂ ಮತ್ತೆ ಮತ್ತೆ ಬಂತು. ಗುಳಿಗೆ ಕೊಟ್ಟ ಮೇಲೂ ಹೀಗಾಗಿದೆ ಎಂದರೆ ತಲೆಯೊಳಗೆ ಬೇರೇನೋ ಆಗಿರಬೇಕು ಎಂದು ಡಾಕ್ಟರು ತಿಳಿದರು. ಸ್ಕ್ಯಾನಿಗಾಗಿ ದೊಡ್ಡ ಊರಿಗೆ ಕಳಿಸಲು ಆಂಬುಲೆನ್ಸ್ ಕರೆಸಿದರು. ದಾರಿ ಎರಡು ತಾಸಿನದು. ಅಜ್ಜಿ ಅಲ್ಲಿಯವರೆಗೆ ಬದುಕುವ ಭರವಸೆ ಯಾರಿಗೂ ಇರಲಿಲ್ಲ.

ಅತ್ತ ಮನೆಯಲ್ಲಿ, ಒಗೆಯಲು ಕೋಟಿನ ಜೇಬು ಖಾಲಿ ಮಾಡುತ್ತಿದ್ದ ಮೊದಲ ನರ್ಸಿನ ಕೈಗೆ ಗುಳಿಗೆ ಸಿಕ್ಕಿತು. ಆಸ್ಪತ್ರೆಯ ಗೆಳತಿಗೆ ಫೋನ್ ಮಾಡಿ ಅಜ್ಜಿ ಹೇಗಿದ್ದಾಳೆಂದು ಕೇಳಿದಳು. ಸುದ್ದಿ ತಿಳಿಯಿತು. ಗುಳಿಗೆಯ ಮಾತೆತ್ತದೆ ಫೋನ್ ಇಟ್ಟುಬಿಟ್ಟಳು. ಗುಳಿಗೆಯನ್ನು ಬಚ್ಚಲಿಗೆ ಎಸೆದರೆ ಮುಗಿಯಿತು, ಕಂಪ್ಯೂಟರು ತನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಗುಳಿಗೆ ಹಿಡಿದುಕೊಂಡು ಬಚ್ಚಲಿನ ಬಾಗಿಲವರೆಗೂ ಹೋದಳು. ಆಮೇಲೆ ನೇರ ಡಾಕ್ಟರಿಗೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಡಾಕ್ಟರು ಹೊರಡಲಿದ್ದ ಆಂಬುಲೆನ್ಸ್ ನಿಲ್ಲಿಸಿ, ಗುಳಿಗೆಯ ಔಷಧಿಯನ್ನೇ ರಕ್ತನಾಳಕ್ಕೆ ಕೊಟ್ಟರು. ಫಿಟ್ಸ್ ನಿಂತಿತು. ಅಜ್ಜಿಯ ಜೀವ ಉಳಿಯಿತು. ಮಾತು ಮಾತ್ರ ಮೊದಲಿನಂತೆ ಬರಲಿಲ್ಲ.

ಮೇಡಂ ಅಲ್ಲಿಗೆ ನಿಲ್ಲಿಸಿದರು. ದಾಕ್ಷಾಯಿಣಿಯ ಸಿಟ್ಟು ಇಳಿದಿತ್ತು. ಆ ನರ್ಸಿನ ಮೇಲೆ ಅವಳಿಗೆ ಕನಿಕರವೇ ಬಂತು. ತಾನಾಗಿದ್ದರೆ ಆ ಎರಡನೇ ಫೋನ್ ಮಾಡುತ್ತಿದ್ದೆನೋ ಇಲ್ಲವೋ ಎಂದು ಅಳುಕಿದಳು.

"ಏನ ಆಗ್ಲಿ, ಕಡೀಕ ಆಕಿ ಖರೇ ಹೇಳಿದ್ಲಲ್ರೀ ಮೇಡಂ," ಎಂದಳು.

ಮೇಡಂ ಅವಳ ಮುಖ ನೋಡಿದರು.

"ಆಕಿ ಹೇಳೂ ಹೊತ್ತಿಗೆ, ಅಜ್ಜಿ ಅದನ್ನ ಮೂರು ಸಲ ಹೇಳಿ ಆಗಿತ್ತವ್ವಾ."