ಒಂದು ಮತದ ಅಧ್ಯಕ್ಷ

"ಗುರುಗಳೇ, ಕೈಹಿಡಿದವರ ಕೆಲಸ ಮೊದಲು ಮಾಡುವುದು ತಪ್ಪೇ? ಉಪಕಾರ ಮರೆಯಬಾರದು ಎಂದು ನೀವೇ ಹೇಳಿದ್ದೀರಿ" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಈರಬಸವ. ಚಿಕ್ಕಂದಿನಿಂದ ಮಠಕ್ಕೆ ಬರುತ್ತಿದ್ದವನು. ಆ ವಾರವಷ್ಟೇ ತನ್ನ ಊರಿನ ಪಂಚಾಯಿತಿಗೆ ಸದಸ್ಯನಾಗಿ ಆರಿಸಿ ಬಂದಿದ್ದ. ತನಗೆ ಮತ ಹಾಕಿದವರ ಕೆಲಸ ಮೊದಲು, ಉಳಿದವರದು ಆಮೇಲೆ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡೇ ಕೇಳಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರು. ಹಳ್ಳಿಗಿಂತ ದೊಡ್ಡದು, ಪಟ್ಟಣ ಎನ್ನುವಷ್ಟಲ್ಲ. ಈರುಳ್ಳಿ, ಶೇಂಗಾ ಬೆಳೆದು ಬದುಕುವ ಜನ. ಅಲ್ಲಿ ಒಬ್ಬ ರೈತನಿದ್ದ. ಅವನು ಪಂಚಾಯಿತಿ ಚುನಾವಣೆಗೆ ನಿಂತ. ಎಣಿಕೆ ಮುಗಿದಾಗ ಒಂದೇ ಒಂದು ಮತದಿಂದ ಗೆದ್ದಿದ್ದ. ಎದುರಾಳಿ ಇನ್ನೊಮ್ಮೆ ಎಣಿಸಿರಿ ಎಂದ. ಇನ್ನೊಮ್ಮೆ ಎಣಿಸಿದರೂ ಅಷ್ಟೇ ಬಂತು. ಸದಸ್ಯರೆಲ್ಲ ಸೇರಿದಾಗ, ಯಾರ ಜಗಳಕ್ಕೂ ಹೋಗದ ಮನುಷ್ಯ ಎಂದು ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು.

ಮರುದಿನ ಬೆಳಿಗ್ಗೆ ಕ್ಷೌರದಂಗಡಿಯವನು ಮನೆಗೆ ಬಂದ. "ಅವತ್ತು ಸಂತೆ. ಅಂಗಡಿ ತುಂಬ ಜನ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರನ್ನು ಹಾಗೇ ಕೂರಿಸಿ ಓಡಿ ಬಂದೆ. ನೀವು ಗೆದ್ದ ಆ ಒಂದು ಮತ ನನ್ನದು" ಎಂದ.

ಸ್ವಲ್ಪ ಹೊತ್ತಿಗೆ ಒಬ್ಬ ವ್ಯಾಪಾರಿ ಬಂದ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಜಗಲಿಯ ಮೇಲೆ ಬಿಟ್ಟು ಹೋಗಿ ಮತ ಹಾಕಿದ್ದನಂತೆ. ಆ ಮತ ತನ್ನದು ಎಂದ. ಮಧ್ಯಾಹ್ನ ರೈತನ ಸೋದರಮಾವನೇ ಹೇಳಿ ಕಳಿಸಿದ. ಚುನಾವಣೆಯ ದಿನ ಅವನ ಸೊಂಟ ಮುರಿದಿತ್ತು. ನಾಲ್ಕು ಜನ ಮಂಚದ ಸಮೇತ ಹೊತ್ತು ತಂದಿದ್ದರು. "ಮಂಚದ ಮೇಲೆ ಬಂದವನು ನಾನು, ನೆನಪಿರಲಿ" ಎಂದು ಹೇಳಿ ಕಳಿಸಿದ್ದ.

ಹೀಗೆ ವಾರವೆಲ್ಲ ಜನ ಬಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರಲ್ಲಿ ಯಾರೊಬ್ಬರು ಬರದೇ ಹೋಗಿದ್ದರೂ ಮತ ಸಮನಾಗಿ ಚೀಟಿ ಎತ್ತಬೇಕಾಗುತ್ತಿತ್ತು. ರೈತ ಇದನ್ನು ಕೂತು ಯೋಚಿಸಿದ. ಆ ಒಂದು ಮತ ಪ್ರತಿಯೊಬ್ಬರದೂ ಹೌದು ಎಂದು ಅವನಿಗೆ ತೋರಿತು. ಹಾಗೆ ತೋರಿದ ಮೇಲೆ ಯಾರಿಗೂ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಕ್ಷೌರದಂಗಡಿಯ ಮುಂದೆ ನಲ್ಲಿ ಬಂತು. ವ್ಯಾಪಾರಿಯ ಗೋದಾಮಿನ ಮುಂದೆ ಬೀದಿದೀಪ ಬಂತು. ಒಬ್ಬನ ಮನೆಯ ತನಕ ಕಲ್ಲು ಹಾಸಿದರು. ಇನ್ನೊಬ್ಬನಿಗೆ ಬಣವೆ ಹಾಕಲು ಊರ ಜಾಗ ಸಿಕ್ಕಿತು. ರೈತ ಕಳ್ಳನಲ್ಲ. ಒಂದು ಕಾಸನ್ನೂ ಮುಟ್ಟಲಿಲ್ಲ. ಹೊಲಕ್ಕೆ ಹೋಗುವುದು ತಪ್ಪಿತು, ಊಟದ ಹೊತ್ತು ತಪ್ಪಿತು. ಒಂದು ದಿನ ಹೆಂಡತಿ ಅನ್ನ ಬಡಿಸುತ್ತ, "ಗೆದ್ದವರು ನೀವೋ ಅವರೋ?" ಎಂದು ಕೇಳಿದಳು. ಅವನು ತಲೆ ಎತ್ತದೆ ಉಂಡ.

ನಾಲ್ಕು ವರ್ಷ ಹೀಗೇ ಕಳೆಯಿತು.

ಐದನೆಯ ವರ್ಷ, ಬೇಸಿಗೆ. ಚುನಾವಣೆಗೆ ಇನ್ನು ಕೆಲವೇ ತಿಂಗಳಿತ್ತು. ಪಂಚಾಯಿತಿ ಕಚೇರಿಯ ಅಂಗಳದಲ್ಲಿ ಆರು ಪೈಪುಗಳು ಉಳಿದಿದ್ದವು. ದನಗಳ ತೊಟ್ಟಿಗೆ ನೀರು ಹರಿಸಲು ಅವನ್ನು ತನಗೆ ಕೊಡಬೇಕೆಂದು ಸೋದರಮಾವ ಕೇಳಿದ್ದ. ರೈತ ಒಪ್ಪಿದ್ದ. ಆ ಮಧ್ಯಾಹ್ನ ಸೋದರಮಾವ ಕೋಲೂರಿಕೊಂಡು, ಗಾಡಿ ಹೂಡಿಸಿಕೊಂಡು ಬಂದು, ಆಳಿನ ಕೈಯಲ್ಲಿ ಪೈಪುಗಳನ್ನು ಹೇರಿಸುತ್ತಿದ್ದ.

ಆಗ ಒಬ್ಬ ಮುದುಕಿ ಕಚೇರಿಯ ಬಾಗಿಲಿಗೆ ಬಂದು ನಿಂತಳು.

"ನಾನು ಮೇಗಲ ಓಣಿಯವಳು, ತಮ್ಮಾ. ನಿನಗೆ ಮತ ಹಾಕಿದವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ" ಎಂದಳು.

ರೈತ ಎದ್ದು ಅವಳನ್ನು ಕೂರಿಸಿದ. ಅವಳು ಹೇಳಿದಳು. ಆ ಓಣಿಯಲ್ಲಿ ಕುಡಿಯುವ ನೀರಿನ ಪೈಪು ಚರಂಡಿ ದಾಟುವ ಕಡೆ ಒಡೆದಿತ್ತು. ನಲ್ಲಿಯ ನೀರು ನಾರುತ್ತಿತ್ತು. ಹತ್ತು ದಿನವಾಗಿತ್ತು. ನಾಲ್ಕು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದವು. ಅವಳ ಪಕ್ಕದ ಮನೆಯ ಹುಡುಗಿ ಹಿಂದಿನ ದಿನದಿಂದ ಕಣ್ಣು ಬಿಟ್ಟಿರಲಿಲ್ಲ.

"ಹತ್ತು ದಿನ ಯಾಕೆ ಸುಮ್ಮನಿದ್ದಿರಿ ಅವ್ವಾ? ಒಬ್ಬರಾದರೂ ಬಂದು ಹೇಳಬಾರದಿತ್ತೇ?"

"ನಿನಗೆ ಹಾಕಿದವರಿಗೆ ಇಲ್ಲಿ ಬಂದು ಹೇಳಿಕೊಳ್ಳಲು ಒಂದು ಮಾತಿದೆ. ನಾವು ಏನೆಂದು ಹೇಳಿಕೊಂಡು ಬರೋಣ, ತಮ್ಮಾ?"

ಮೇಗಲ ಓಣಿಯ ಮೂವತ್ತು ಮನೆಗಳೂ ಎದುರಾಳಿಯ ಕಡೆ. ಇಷ್ಟು ವರ್ಷ ಅಲ್ಲಿಂದ ಒಬ್ಬರೂ ಕಚೇರಿಯ ಮೆಟ್ಟಿಲು ಹತ್ತಿರಲಿಲ್ಲ. ಅದನ್ನು ರೈತ ನೆಮ್ಮದಿ ಎಂದುಕೊಂಡಿದ್ದ. ಆ ಓಣಿಗೆ ಬೇಕಾದದ್ದು ಏನೂ ಇಲ್ಲ ಎಂದುಕೊಂಡಿದ್ದ. ಈಗ ನಾಚಿಕೆಯಾಯಿತು.

ಅವನು ಹೊರಗೆ ಬಂದ. ಗಾಡಿಗೆ ಆಗಲೇ ನಾಲ್ಕು ಪೈಪು ಏರಿದ್ದವು.

"ಮಾವಾ, ಇವನ್ನು ಇಳಿಸಬೇಕು. ಮೇಗಲ ಓಣಿಗೆ ಬೇಕು."

ಸೋದರಮಾವ ಮುದುಕಿಯನ್ನು ನೋಡಿದ, ಅವನನ್ನು ನೋಡಿದ. "ನಾನು ಬರದೇ ಇದ್ದಿದ್ದರೆ ನೀನು ಈ ಕಚೇರಿಯೊಳಗೆ ಇರುತ್ತಿರಲಿಲ್ಲ" ಎಂದ.

"ಹೌದು ಮಾವಾ" ಎಂದು ರೈತ ಒಪ್ಪಿಕೊಂಡ. ಮಾವನ ಮುಖ ನೋಡುವುದು ಅವನಿಗೆ ಕಷ್ಟವಾಯಿತು. ಆದರೂ ಗಾಡಿ ಹತ್ತಿ ತಾನೇ ಪೈಪು ಇಳಿಸತೊಡಗಿದ. ಸೋದರಮಾವ ಖಾಲಿ ಗಾಡಿಯಲ್ಲಿ ಮನೆಗೆ ಹೋದ.

ರೈತ ನೀರು ಬಿಡುವವನನ್ನು ಕರೆಸಿ ಆ ಓಣಿಯ ನೀರು ನಿಲ್ಲಿಸಿದ. ಚರಂಡಿಗೆ ಇಳಿದು, ಒಡೆದದ್ದನ್ನು ತೆಗೆದು, ಸಂಜೆಯೊಳಗೆ ಹೊಸ ಪೈಪು ಹಾಕಿಸಿದ. ಕೆಸರು ಕೈಯಲ್ಲೇ ಮನೆ ಮನೆಗೆ ಹೋಗಿ, ತುಂಬಿಟ್ಟ ನೀರನ್ನು ಚೆಲ್ಲಿರಿ, ಇನ್ನು ಕೆಲವು ದಿನ ಕಾಯಿಸಿ ಕುಡಿಯಿರಿ ಎಂದು ಹೇಳಿದ. ಆ ಮನೆಗಳಲ್ಲಿ ಯಾರು ಯಾರಿದ್ದಾರೆ ಎಂಬುದೇ ಅವನಿಗೆ ಅವತ್ತು ಗೊತ್ತಾಯಿತು. ಒಬ್ಬಳು ಕೈ ತೊಳೆಯಲು ನೀರು ಕೊಟ್ಟಳು. ಒಬ್ಬ ಬಾಗಿಲನ್ನು ಅರ್ಧ ಮಾತ್ರ ತೆರೆದ.

ಆರನೆಯ ದಿನ ಆ ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ಉಳಿದ ಮಕ್ಕಳೂ ಬದುಕಿದವು.

ಆದರೆ ಊರಲ್ಲಿ ಮಾತು ಬೇರೆಯಾಗಿತ್ತು. ಸ್ವಂತ ಮಾವನ ಗಾಡಿಯಿಂದ ಇಳಿಸಿ ಎದುರಾಳಿಯ ಓಣಿಗೆ ಕೊಟ್ಟ ಎಂದರು. ನಂಬಿದವರನ್ನು ಕೈಬಿಟ್ಟ ಎಂದರು. ಚುನಾವಣೆ ಬಂತು. ಮತ್ತೆ ಅದೇ ಎದುರಾಳಿ ನಿಂತ. ರೈತ ಅರವತ್ತು ಮತದಿಂದ ಸೋತ. ಸೋದರಮಾವ ಅವತ್ತು ಮನೆಯಿಂದ ಹೊರಗೇ ಬರಲಿಲ್ಲ.

ಕೆಲವು ದಿನದ ಮೇಲೆ ಹೊಲದ ದಾರಿಯಲ್ಲಿ ಮುದುಕಿ ಎದುರಾದಳು.

"ಈ ಸಲವಾದರೂ ನನಗೆ ಹಾಕಿದೆಯಾ ಅವ್ವಾ?" ಎಂದು ರೈತ ಕೇಳಿದ.

"ಇಲ್ಲ ತಮ್ಮಾ. ನಿನ್ನ ಎದುರು ನಿಂತವನು ನನ್ನ ತಂಗಿಯ ಮಗನಲ್ಲವೇ?" ಎಂದಳು ಮುದುಕಿ. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ, "ನೀರು ಚೆನ್ನಾಗಿ ಬರುತ್ತಿದೆ" ಎಂದಳು.

ರೈತನಿಗೆ ಬೇಸರವಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಅವನಿಗೂ ತಿಳಿಯಲಿಲ್ಲ. ಹೊಲಕ್ಕೆ ಹೋಗಿ ಈರುಳ್ಳಿಯ ಕಳೆ ತೆಗೆಯಲು ಕೂತ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಈರಬಸವನಿಗೆ ಕತೆ ರುಚಿಸಲಿಲ್ಲ.

"ಐದು ವರ್ಷ ಅಷ್ಟು ಜನರಿಗೆ ಮಾಡಿ, ಒಂದು ಮಧ್ಯಾಹ್ನದ ಕೆಲಸಕ್ಕಾಗಿ ಅಧ್ಯಕ್ಷ ಸ್ಥಾನವನ್ನೇ ಕಳೆದುಕೊಂಡನಲ್ಲ, ಗುರುಗಳೇ" ಎಂದ.

"ಅವನು ಅಧ್ಯಕ್ಷನಾಗಿದ್ದದ್ದೇ ಆ ಒಂದು ಮಧ್ಯಾಹ್ನ" ಎಂದರು ಗುರುಗಳು.