ನೀಲಾಂಬಿಕೆಯವರ ಪರವಾಗಿ

ತುಂಗಭದ್ರೆಯ ದಂಡೆ ಮೇಲೆ ಒಂದು ಸಣ್ಣ ಮಠ. ಅದರ ಹಿಂದಿನ ಕೋಣೆಯಲ್ಲಿ ರೇವಣಸಿದ್ದಯ್ಯ ಅಂತ ಒಬ್ಬ ಮುದುಕರಿದ್ದರು.

ಸ್ವಾಮಿಗಳಲ್ಲ. ನಲವತ್ತು ವರ್ಷ ನಾಟಕದವರಿಗೂ ಹಾಡೋರಿಗೂ ಮ್ಯಾನೇಜರ್ ಆಗಿದ್ದವರು. ಎಲ್ಲರೂ ಅವರನ್ನ ಅಜ್ಜಾರು ಅಂತಿದ್ದರು.

ಒಂದ್ಸಲ ಅವರು ನಾಟಕದ ಹೀರೋನ ಹೊಸಹಳ್ಳಿಗೆ ಅಂತ ಕರ್ಕೊಂಡು ಹೊರಟು, ಬೇರೆ ಹೊಸಹಳ್ಳಿಗೆ ಮುಟ್ಟಿಸಿಬಿಟ್ಟರಂತೆ. ಅಲ್ಲಿ ಯಾರೂ ಕರೆದಿರಲಿಲ್ಲ. ಆದರೂ ಊರವರು ಕೂತು ನೋಡಿ, ಹಾರ ಹಾಕಿ, ಊಟ ಹಾಕಿ ಕಳಿಸಿದರು. ಕರೆದ ಹೊಸಹಳ್ಳಿಯವರು ಇನ್ನೂ ಕಾಯ್ತಿದ್ದರೂ ಕಾಯ್ತಿರಬಹುದು.

ಈ ಕಸುಬಿನವರಿಗೆ ಏನಾದರೂ ದಾರಿ ತೋಚದಿದ್ದರೆ ಅಜ್ಜಾರ ಹತ್ತಿರ ಬರ್ತಿದ್ದರು.

ಹಾಗೆ ಒಂದು ದಿನ ತಿಪ್ಪೇಶಿ ಬಂದ. ಅಜ್ಜಾರ ಕೈಕೆಳಗೇ ಕೆಲಸ ಕಲಿತವನು. ಈಗ ಹನ್ನೆರಡು ವರ್ಷದಿಂದ ಗಾಯಕಿ ನೀಲಾಂಬಿಕೆಯವರ ಮ್ಯಾನೇಜರ್. ಬಂದವನು ಕಾಲಿಗೆ ಬಿದ್ದು, ಏಳೋದನ್ನೇ ಮರೆತ.

"ಅಜ್ಜಾರೆ, ಅವರು ಹಾಡ್ತಿಲ್ಲ" ಅಂದ, ನೆಲದ ಮೇಲಿಂದಲೇ.

ಆಮೇಲೆ ಎದ್ದು ಕೂತು ಎಲ್ಲಾ ಹೇಳಿದ.

ಎರಡು ವರ್ಷದ ಹಿಂದೆ ನೀಲಾಂಬಿಕೆಯವರ ಗಂಟಲಲ್ಲಿ ಸಣ್ಣ ಗಂಟು ಕಾಣಿಸಿಕೊಂಡಿತ್ತು. ಡಾಕ್ಟರು ಒಂದು ತಿಂಗಳು ಒಂದು ಮಾತೂ ಆಡಬಾರದು ಅಂದಿದ್ದರು. ಆ ತಿಂಗಳೆಲ್ಲಾ ಅವರ ಪರವಾಗಿ ತಿಪ್ಪೇಶಿಯೇ ಉತ್ತರ ಹೇಳಿದ. ಕಾಫಿಗೆ ಸಕ್ಕರೆ ಬೇಡ. ಫ್ಯಾನ್ ಬೇಡ. ಇವತ್ತು ಯಾರನ್ನೂ ನೋಡಲ್ಲ.

ತಿಂಗಳು ಮುಗಿದ ಮೇಲೆ, ಇನ್ನು ಮಾತಾಡಬಹುದು ಅಂತ ಡಾಕ್ಟರು ನೀಲಾಂಬಿಕೆಯವರಿಗೆ ಹೇಳಿದರು. ಇನ್ನು ನಿಲ್ಲಿಸಬಹುದು ಅಂತ ತಿಪ್ಪೇಶಿಗೆ ಯಾರೂ ಹೇಳಲಿಲ್ಲ.

ಯಾವ ಊರಿಗೆ ಹೋಗೋದು, ಯಾವ ಹಾಡು ಹೇಳೋದು, ಯಾವ ಸೀರೆ ಉಡೋದು, ಎಲ್ಲಾ ಅವನೇ ಹೇಳ್ತಿದ್ದ. ಅವರ ಕಾರ್ಡಿನ ಮೇಲೆ ಅವನ ಫೋನ್ ನಂಬರ್ ಇತ್ತು. ಅವರ ನಂಬರ್ ಅವನು ಯಾರಿಗೂ ಕೊಟ್ಟಿರಲಿಲ್ಲ. ಹಿಂದೆಲ್ಲಾ ಅಜ್ಜಾರೂ ಹಂಗೇ ಮಾಡ್ತಿದ್ದರು. ಕಸುಬೇ ಹಂಗೆ.

ಹೋದ ತಿಂಗಳು ಒಂದು ಕಾರ್ಯಕ್ರಮದಲ್ಲಿ ನಿರೂಪಣೆ ಮಾಡೋಳು ಮೈಕ್ ಹಿಡಿದು, ಮೇಡಂ, ನಿಮಗೆ ಬಹಳ ಇಷ್ಟವಾದ ಹಾಡು ಯಾವುದು ಅಂತ ಕೇಳಿದಳು. ನೀಲಾಂಬಿಕೆಯವರು ತಿರುಗಿ, ಪರದೆ ಪಕ್ಕ ನಿಂತಿದ್ದ ತಿಪ್ಪೇಶಿಯ ಮುಖ ನೋಡಿದರು. ತಿಪ್ಪೇಶಿ ಸ್ಟೇಜಿಗೆ ಬಂದು, ಮೈಕ್ ಇಸ್ಕೊಂಡು, ಹಾಡಿನ ಹೆಸರು ಹೇಳಿ ಹೋದ. ಜನ ಗೊಳ್ಳಂತ ನಕ್ಕರು. ಮೆಚ್ಚಿಕೊಂಡರು ಅಂತ ಅವನು ಕೈಮುಗಿದ.

ಅವತ್ತಿಂದ ಅವರು ಬಾಯಿ ಬಿಟ್ಟರೆ ದನಿ ಬರ್ತಿಲ್ಲ. ಗಂಟಲು ಕನ್ನಡಿಯಂಗಿದೆ ಅಂತಾರೆ ಡಾಕ್ಟರು. ದಿನಾ ಶ್ರುತಿ ಹಾಕ್ಕೊಂಡು ಕೂರ್ತಾರೆ. ಬಾಯಿ ತೆಗೀತಾರೆ. ತಿಪ್ಪೇಶಿಯ ಮುಖ ನೋಡ್ತಾರೆ. ಬಾಯಿ ಮುಚ್ತಾರೆ.

"ಅಂಥ ದನಿ ಅಜ್ಜಾರೆ" ಅಂದ ತಿಪ್ಪೇಶಿ. "ಹಂಗೇ ಹೋಗಿಬಿಡುತ್ತಾ?"

ಅಜ್ಜಾರು ಒದ್ದೆ ಪಂಚೆ ಹಿಂಡಿ ಹಗ್ಗದ ಮೇಲೆ ಹಾಕಿದರು.

"ಮೂರು ದಿನ ಇಲ್ಲೇ ಇರು."

ಮಧ್ಯಾಹ್ನ ಪಂಕ್ತಿಯಲ್ಲಿ ಕೂತರು. ಬಡಿಸೋ ಕೊಟ್ರವ್ವ ಸಾರಿನ ಸೌಟು ಹಿಡಿದು ತಿಪ್ಪೇಶಿಯ ಎಲೆ ಮುಂದೆ ನಿಂತಳು.

"ಅವರಿಗೆ ಸಾರು ಬೇಡವ್ವ" ಅಂದರು ಅಜ್ಜಾರು. "ಖಾರ ಆಗಲ್ಲ."

ತಿಪ್ಪೇಶಿ ತಮಾಷೆ ಅಂದ್ಕೊಂಡು ನಕ್ಕ. ಹಿಂದೆಯೇ ಗೋಧಿ ಪಾಯಸ ಬಂತು. ಅದು ಅವನ ಪ್ರಾಣ.

"ಸಿಹಿ ಮುಟ್ಟಲ್ಲ ಅವರು."

ಪಾಯಸ ಮುಂದಿನ ಎಲೆಗೆ ಹೋಯಿತು. ಅವನು ಬರೀ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡ. ಅದಾದರೂ ಅಜ್ಜಾರು ಒಪ್ಪಿದ್ದರಿಂದ.

ಸಂಜೆ ಯಾರೋ ಭಕ್ತರು, ಚಾಪೆ ಸಾಕಾ, ಹಾಸಿಗೆ ಬೇಕಾ ಅಂತ ವಿಚಾರಿಸಿದರು. ಅವರಿಗೆ ಬರೀ ನೆಲವೇ ಹಿತ ಅಂದರು ಅಜ್ಜಾರು. ಬೆಳಿಗ್ಗೆ ನಾಲ್ಕಕ್ಕೆ ಏಳೋದು, ಹೊಳೆಯ ತಣ್ಣೀರಲ್ಲಿ ಮುಳುಗೋದು ಅಂದರೆ ಅವರಿಗೆ ಭಾಳ ಇಷ್ಟ ಅಂತಲೂ ಸೇರಿಸಿದರು. ಮಠದವರು ಬಂದ ಅತಿಥಿಗೆ ಏನೂ ಕೊರತೆ ಆಗಬಾರದು ಅಂತ ನಾಲ್ಕಕ್ಕೆ ಸರಿಯಾಗಿ ಎಬ್ಬಿಸಿ ಹೊಳೆಗೆ ಕಳಿಸಿದರು.

ಮೊದಲ ದಿನ ತಿಪ್ಪೇಶಿಗೆ ಸಿಟ್ಟು ಬಂತು. ಎರಡನೇ ದಿನ ಬೆಳಿಗ್ಗೆ ಅವನು ಬಾಯಿ ತೆಗೆಯೋ ಹೊತ್ತಿಗೆ ಅಜ್ಜಾರು ಉತ್ತರ ಮುಗಿಸಿರ್ತಿದ್ದರು. ವಯಸ್ಸು ಎಂಬತ್ತಾದರೂ ಪಳಗಿದ ಕೈ.

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಒಂದು ಥರಾ ನೆಮ್ಮದಿ ಆಯಿತು. ಏನು ಬೇಕು ಅಂತ ಯೋಚನೆ ಮಾಡೋ ಕೆಲಸವೇ ಇಲ್ಲ. ಪಾಯಸ ಮತ್ತೆ ಬಂತು, ಹೋಯಿತು. ಅವನು ತಲೆಯನ್ನೂ ಎತ್ತಲಿಲ್ಲ.

ಮೂರನೇ ದಿನ ಇಬ್ಬರೂ ಹೊಳೆ ಮೆಟ್ಟಿಲಿಗೆ ಹೋದರು. ಆಚೆ ದಡಕ್ಕೆ ಹೋಗೋ ತೆಪ್ಪ ಹೊರಡೋದರಲ್ಲಿತ್ತು. ಹಿಂದೊಮ್ಮೆ ಏನೋ ಅನಾಹುತ ಆದ ಮೇಲೆ, ಹತ್ತೋರ ಹೆಸರನ್ನೆಲ್ಲಾ ಬರ್ಕೊಬೇಕು ಅಂತ ಕಟ್ಟಪ್ಪಣೆ ಆಗಿತ್ತು. ತೆಪ್ಪದವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ತಿಪ್ಪೇಶಿಯನ್ನ ನೋಡಿದ.

"ನಿಮ್ಮ ಹೆಸರೇನ್ರೀ?"

ತಿಪ್ಪೇಶಿ ತಿರುಗಿ ಅಜ್ಜಾರ ಮುಖ ನೋಡಿದ.

ಅಜ್ಜಾರು ಈ ಸಲ ಏನೂ ಅನ್ನಲಿಲ್ಲ. ನೀರು ನೋಡ್ತಾ ನಿಂತಿದ್ದರು.

ತೆಪ್ಪದವನು ಕಾದ. ಆಮೇಲೆ ದನಿ ತಗ್ಗಿಸಿ ಅಜ್ಜಾರನ್ನ ಕೇಳಿದ. "ಪಾಪ, ಮಾತು ಬರಲ್ವೇನ್ರಿ ಇವರಿಗೆ?"

ತಿಪ್ಪೇಶಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ತೆಪ್ಪದವನು ಪುಸ್ತಕದಲ್ಲಿ ಒಂದು ಗೆರೆ ಎಳೆದು, ಉಳಿದವರನ್ನ ಕರ್ಕೊಂಡು ಹೋದ.

ತೆಪ್ಪ ನಡುನೀರಿಗೆ ಹೋಯಿತು.

"ಎರಡೂವರೆ ದಿನ" ಅಂದ ತಿಪ್ಪೇಶಿ ಕೊನೆಗೆ. "ನನಗೆ ಎರಡೂವರೆ ದಿನಕ್ಕೇ ಹಿಂಗಾಯಿತು. ಅವರಿಗೆ ಎರಡು ವರ್ಷ."

ಅಜ್ಜಾರು ಒಂದು ಮೆಟ್ಟಿಲು ಕೆಳಗೆ ಕೂತರು.

"ಬಸವಂತಪ್ಪ ಅಂತ ನಟ ಇದ್ದ, ಗೊತ್ತಲ್ಲ. ಇಪ್ಪತ್ತಾರು ವರ್ಷ ನಾನೇ ಅವನ ಮ್ಯಾನೇಜರ್. ಸ್ಟೇಜಿನ ಮೇಲೆ ಸಿಂಹ. ಕೆಳಗೆ ಇಳಿದರೆ, ಅವನಿಗೆ ಹಸಿವಾಗಿದೆಯೋ ಇಲ್ಲವೋ ನಾನು ಹೇಳಬೇಕು."

ತಿಪ್ಪೇಶಿ ತಲೆ ಆಡಿಸಿದ.

"ಕೊನೆಗೆ ಆಸ್ಪತ್ರೆ ಸೇರಿದ. ಡಾಕ್ಟರು ಎಲ್ಲಿ ನೋವು ಅಂತ ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಎದೆ ಅಂದೆ."

ಅಜ್ಜಾರು ಬೊಗಸೆಯಲ್ಲಿ ನೀರು ತಗೊಂಡು ಮುಖ ತೊಳ್ಕೊಂಡರು.

"ನೋವು ಇದ್ದದ್ದು ಹೊಟ್ಟೆಯಲ್ಲಿ."

ನದಿ ತನ್ನ ಪಾಡಿಗೆ ಹೋಗ್ತಿತ್ತು. ತಿಪ್ಪೇಶಿಯ ಜೇಬಿನಲ್ಲಿ ಫೋನ್ ಹೊಡ್ಕೊಂಡಿತು. ಮುಂದಿನ ವಾರದ ಕಾರ್ಯಕ್ರಮದ ಆಯೋಜಕರು. ಮೇಡಂ ಬರ್ತಾರೆ ತಾನೇ, ಪೋಸ್ಟರ್ ಪ್ರಿಂಟ್‌ಗೆ ಕೊಡ್ತಿದ್ದೀವಿ ಅಂದರು.

ಬರ್ತಾರೆ ಅನ್ನೋ ಮಾತು ಅವನ ನಾಲಿಗೆ ತುದಿಗೆ ಬಂದೇ ಬಂತು. ಅದನ್ನ ನುಂಗಿದ.

"ನನಗೆ ಗೊತ್ತಿಲ್ಲ. ಅವರನ್ನೇ ಕೇಳ್ರಿ."

ಆಯೋಜಕರು ರಾಂಗ್ ನಂಬರ್ ಅಂದ್ಕೊಂಡು ಇಟ್ಟುಬಿಟ್ಟರು. ಮತ್ತೆ ಮಾಡಿದರು. ತಿಪ್ಪೇಶಿ ನೀಲಾಂಬಿಕೆಯವರ ನಂಬರನ್ನ ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಹನ್ನೆರಡು ವರ್ಷದಲ್ಲಿ ಅದನ್ನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸೋ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಅಜ್ಜಾರೆ, ಇನ್ನು ಮೇಲೆ ಯಾರು ಬೇಕಾದರೂ ನೇರ ಅವರಿಗೇ ಫೋನ್ ಮಾಡಬಹುದು. ನಾನು ಯಾತಕ್ಕೆ ಬೇಕು?"

ಅಜ್ಜಾರು ಉತ್ತರ ಹೇಳಲಿಲ್ಲ. ಅವನ ಪರವಾಗಿ ಹೇಳೋದನ್ನ ಅವರು ನಿಲ್ಲಿಸಿಬಿಟ್ಟಿದ್ದರು.

ತೆಪ್ಪ ಆಚೆ ದಡ ಮುಟ್ಟಿತು. ಜನ ಇಳಿದರು.

ಫೋನ್ ಮತ್ತೆ ಹೊಡ್ಕೊಂಡಿತು. ತಿಪ್ಪೇಶಿ ನೋಡಿದ. ನೀಲಾಂಬಿಕೆಯವರ ಹೆಸರು. ಯಾವಾಗಲೂ ಪಕ್ಕದಲ್ಲೇ ಇರ್ತಿದ್ದವನಿಗೆ ಅವರು ಫೋನ್ ಮಾಡಿದ್ದೇ ಇಲ್ಲ. ಅವನು ಅದನ್ನ ಕೆಂಡ ಹಿಡ್ಕೊಂಡಂಗೆ ಹಿಡ್ಕೊಂಡ.

"ಇನ್ನು ನೀನು ಬೇಡ ಅಂತ ಹೇಳೋಕೇ ಇರಬೇಕು" ಅಂದ.

"ಇರಬಹುದು" ಅಂದರು ಅಜ್ಜಾರು. "ಎತ್ತು ತಮ್ಮಾ. ಹಂಗಂದರೂ, ಆ ದನಿ ವಾಪಸ್ ಬಂದದ್ದನ್ನ ಮೊದಲು ಕೇಳಿದವನು ನೀನೇ ಆಗ್ತೀಯ."